ಬಕೆಟ್ ಹಿಡಿದ ನೀಲಾಂಬಿಕಾ

ನಾನು ಒಂದು ಬಕೆಟ್. ಅದೂ ಪ್ಲಾಸ್ಟಿಕ್ಕಿನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗಿನ ಕಾಲದಲ್ಲಿ ಪ್ಲಾಸ್ಟಿಕ್ ಎಂದ ಕೂಡಲೇ ಓದಿದವರ ಹುಬ್ಬು ಗಂಟಿಕ್ಕುತ್ತದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಾಲು ಮುರಿದ ಕುರ್ಚಿ, ಎಣ್ಣೆ ಡಬ್ಬಿ, ಒಡೆದ ಕೊಡ, ಯಾರದೋ ಮಗು ಓಡಿಸಿ ಬಿಟ್ಟ ಮೂರು ಗಾಲಿಯ ಸೈಕಲ್ಲು, ಎಲ್ಲವನ್ನೂ ಪುಡಿ ಮಾಡಿ ಕರಗಿಸಿ ಅಚ್ಚಿಗೆ ಸುರಿದರು. ಹೀಗಾಗಿ ಇಂಥದೇ ಮನೆತನದವನು ಎಂದು ಹೇಳಿಕೊಳ್ಳುವ ಭಾಗ್ಯ ನನಗಿಲ್ಲ. ಕೆಂಪು ಬಕೆಟ್ ಮಾಡಬೇಕೆಂಬುದು ಮಾಲೀಕರ ಆಸೆಯಾಗಿತ್ತು. ಕುರ್ಚಿಗಳ ನೀಲಿ ಅದಕ್ಕೆ ಒಪ್ಪಲಿಲ್ಲ. ಅಚ್ಚು ಬಿಚ್ಚಿದಾಗ ನಾನು ಬಾಡಿದ ಬದನೆಕಾಯಿಯ ಬಣ್ಣದಲ್ಲಿ ಹೊರಗೆ ಬಂದೆ. ಮಾಲೀಕರು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ, "ಇರ್ಲಿ ಬಿಡ್ರಿ, ಸೋರೂದಿಲ್ಲಲ್ಲ" ಎಂದರು. ನನ್ನ ನಾಮಕರಣ, ಆಶೀರ್ವಾದ ಎರಡೂ ಅಲ್ಲಿಗೆ ಮುಗಿದವು.

ಧಾರವಾಡದ ಒಂದು ಅಂಗಡಿಯಲ್ಲಿ ಬಹಳ ದಿನ ಕುಳಿತೆ. ಹಳದಿ, ಹಸಿರು, ಗುಲಾಬಿ ಬಕೆಟ್‌ಗಳೆಲ್ಲ ಒಂದೊಂದಾಗಿ ಮನೆ ಸೇರಿದವು. ಕಡೆಗೆ ಕುಂದಗೋಳದಿಂದ ಬಂದ ಒಬ್ಬರು ತಮ್ಮ ಮಗಳನ್ನು ಹಾಸ್ಟೆಲಿಗೆ ಬಿಡುವ ಮೊದಲು ಆ ಅಂಗಡಿಗೆ ಬಂದರು. ನೇರವಾಗಿ ನನ್ನ ಕಿವಿ ಹಿಡಿದು ಎತ್ತಿದರು.

"ಅಪ್ಪಾ, ಇದು ಬ್ಯಾಡ. ಹೊಲಸು ಬಣ್ಣ ಐತಿ" ಎಂದಳು ಮಗಳು.

"ಅದಕ್ಕs ತಗೊಳ್ಳಾಕತ್ತೇನಿ. ಛಲೋ ಬಣ್ಣದ್ದು ಹಾಸ್ಟೆಲ್‌ನ್ಯಾಗ ಉಳಿಯೂದಿಲ್ಲ. ಇದನ್ನ ಯಾರೂ ಕದಿಯೂದಿಲ್ಲ" ಎಂದರು ಅಪ್ಪ.

ಹೀಗೆ ನಾನು ದಾಕ್ಷಾಯಿಣಿಯ ಕೈಸೇರಿದೆ. ಆಕೆ ಒಳ್ಳೆಯ ಹುಡುಗಿ. ಆದರೆ ನಲ್ಲಿ ತಿರುಗಿಸಿ ನನ್ನನ್ನು ಕೆಳಗಿಟ್ಟು, ಫೋನ್ ಕಿವಿಗೆ ಹಚ್ಚಿಕೊಂಡಳೆಂದರೆ ನಲ್ಲಿ, ನಾನು, ಲೋಕ ಎಲ್ಲ ಮರೆತುಹೋಗುತ್ತಿತ್ತು. ನಾನು ತುಂಬುತ್ತಿದ್ದೆ. ಮೇಲೆ ಉಕ್ಕುತ್ತಿದ್ದೆ. ನನ್ನೊಳಗೆ ಎಷ್ಟು ನೀರು ಹಿಡಿಯುತ್ತದೋ ಅದರ ಎರಡರಷ್ಟು ಮೋರಿಗೆ ಹೋಗುತ್ತಿತ್ತು. ಊರಲ್ಲಿ ನಲ್ಲಿಯ ನೀರು ದಿನಾ ಬರುವುದಿಲ್ಲ ಎಂಬ ಸಂಗತಿ ಆಕೆಗೆ ಗೊತ್ತಿತ್ತು, ಆದರೆ ನೆನಪಿರುತ್ತಿರಲಿಲ್ಲ. ಒಂದು ಸಲ ನೀರು ಕಾಯಿಸುವ ಕಾಯಿಲ್ಲನ್ನು ಕದ್ದುಮುಚ್ಚಿ ತಂದು ನನ್ನೊಳಗೆ ಇಳಿಬಿಟ್ಟು ಮಾತಿಗೆ ಕುಳಿತಳು. ಕಾಯಿಲ್ಲು ನನ್ನ ಪಕ್ಕೆಗೆ ತಗಲಿ ಅಲ್ಲಿ ದೋಸೆಯಂಥ ಒಂದು ಕಲೆ ಬಿತ್ತು. ಸೋರಲಿಲ್ಲ, ಅಷ್ಟೇ ಪುಣ್ಯ.

ಎಂ.ಎ. ಮುಗಿಸಿ ಊರಿಗೆ ಹೊರಟಾಗ ಆಕೆ ನನ್ನನ್ನು ಹೊಸದಾಗಿ ಬಂದಿದ್ದ ನೀಲಾಂಬಿಕಾ ಎಂಬ ಹುಡುಗಿಗೆ ಕೊಟ್ಟಳು. ನೀಲಾಂಬಿಕಾ ಗದಗಿನ ಕಡೆಯವಳು, ಬಿ.ಎಸ್ಸಿ. ಓದಲು ಬಂದವಳು. ಆಕೆಯ ಕೋಣೆಯಲ್ಲಿ ಲಕ್ಷ್ಮೇಶ್ವರದ ಮೆಹಜಬೀನ್ ಇದ್ದಳು. ಇಬ್ಬರೂ ಒಂದೇ ಸಾಬೂನು, ಒಂದೇ ಉಪ್ಪಿನಕಾಯಿ ಬಾಟಲಿ, ಒಂದೇ ಕನ್ನಡಿ ಹಂಚಿಕೊಂಡು ಸುಖವಾಗಿದ್ದರು. ಮೊದಲ ವರ್ಷ ನನಗೂ ಏನೂ ತೊಂದರೆಯಾಗಲಿಲ್ಲ.

ಎರಡನೆಯ ವರ್ಷ ಕಾಲೇಜಿಗೆ ಯಾರೋ ಭಾಷಣ ಮಾಡಲು ಬಂದರು. ಭೂಮಿಯ ಗತಿ ಏನಾಗಿದೆ, ವಿದ್ಯಾರ್ಥಿಗಳು ದಿನನಿತ್ಯದ ರೂಢಿಗಳನ್ನು ಹೇಗೆ ಬದಲಿಸಿಕೊಳ್ಳಬೇಕು ಎಂದೆಲ್ಲ ಹೇಳಿದರಂತೆ. ನೀಲಾಂಬಿಕಾ ಹೋಗುವಾಗ ನಮ್ಮ ನೀಲಿಯಾಗಿದ್ದಳು. ಬರುವಾಗ ಬೇರೆಯೇ ಆಗಿದ್ದಳು.

"ಮೆಹಜಬೀನ್, ಇವತ್ತಿಂದ ಈ ಖೋಲ್ಯಾಗ ಪ್ಲಾಸ್ಟಿಕ್ ಇರಂಗಿಲ್ಲ."

"ನಿನ್ನ ಚಷ್ಮಾ?" ಎಂದು ಮೆಹಜಬೀನ್ ಕೇಳಿದಳು.

"ಅದೊಂದು ಬಿಟ್ಟು."

ಬಾಚಣಿಗೆ ಹೋಯಿತು, ಸಾಬೂನು ಡಬ್ಬಿ ಹೋಯಿತು, ಪೆನ್ನಿನ ಡಬ್ಬಿ ಹೋಯಿತು. ಹಲ್ಲುಜ್ಜಲು ಬಿದಿರಿನ ಬ್ರಷ್ ತರಿಸಿದಳು. ಅದು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಬಂತು. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಕಿರುಬೆರಳಿನಷ್ಟು ಬ್ರಷ್ಷು. ನೀಲಾಂಬಿಕಾ ಆ ಹಾಳೆಯನ್ನೇ ನೋಡುತ್ತ ಕುಳಿತುಬಿಟ್ಟಳು. ಮೆಹಜಬೀನ್ ಮಾತ್ರ ಅದನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಟಪ್ ಟಪ್ ಎಂದು ಗುಳ್ಳೆ ಒಡೆದಳು. ಮಿರ್ಚಿ ಭಜಿ ತರುವುದಕ್ಕೂ ನೀಲಾಂಬಿಕಾ ಸ್ಟೀಲ್ ಡಬ್ಬಿ ಒಯ್ಯತೊಡಗಿದಳು. ಕಾಗದದಲ್ಲಿ ಗರಿಗರಿಯಾಗಿ ಬರುತ್ತಿದ್ದ ಭಜಿ ಮುಚ್ಚಳದ ಡಬ್ಬಿಯಲ್ಲಿ ಬೆವತು ಬರುತ್ತಿತ್ತು. ಅದನ್ನು ಭೂಮಿಗಾಗಿ ತಿನ್ನಬೇಕೆಂದು ಎಲ್ಲರಿಗೂ ಹೇಳುತ್ತಿದ್ದಳು.

ಕಡೆಗೆ ಒಂದು ದಿನ ಆಕೆಯ ಕಣ್ಣು ನನ್ನ ಮೇಲೆ ಬಿತ್ತು.

"ಅಲ್ಲs, ಇಷ್ಟು ದೊಡ್ಡ ಪ್ಲಾಸ್ಟಿಕ್ ಇಲ್ಲೇ ಕುಂತೈತಿ!"

"ಚಂದಾಗಿ ಐತಲ್ಲ ಅದು. ಸೋರೂದಿಲ್ಲ, ಏನಿಲ್ಲ. ಯಾಕ ಒಗಿತಿ?" ಎಂದು ಮೆಹಜಬೀನ್ ನನ್ನ ಪರ ವಾದಿಸಿದಳು.

ವಾದ ನಡೆಯಲಿಲ್ಲ. ನೀಲಾಂಬಿಕಾ ಹೊಳೆಯುವ ಸ್ಟೀಲ್ ಬಕೆಟ್ ತಂದಳು. ನನ್ನನ್ನು ಹಿತ್ತಲಿನ ಕಸದ ಡ್ರಮ್ಮಿನ ಪಕ್ಕ ಇಟ್ಟಳು. ಒಂದು ನಾಯಿ ಬಂದು ನನ್ನನ್ನು ಮೂಸಿ, ಕಾಲೆತ್ತುವುದೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿತು. ನನಗೆ ಅಳಲು ಬರುವುದಿಲ್ಲ. ಬರುವಂತಿದ್ದರೆ ಅಂದು ನಲ್ಲಿಯಿಲ್ಲದೆಯೇ ತುಂಬುತ್ತಿದ್ದೆ.

ನನ್ನ ಅದೃಷ್ಟ ಚೆನ್ನಾಗಿತ್ತು. ಸ್ಟೀಲ್ ಬಕೆಟ್ ಸ್ನಾನದ ಮನೆಯಿಂದ ಮರುದಿನವೇ ಕಳುವಾಯಿತು. ನೀಲಾಂಬಿಕಾ ಟವೆಲ್ ಸುತ್ತಿಕೊಂಡು ಪ್ರತಿ ಬಾಗಿಲನ್ನೂ ತಟ್ಟಿ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಹಿತ್ತಲಿಗೆ ಬಂದು ಆಚೀಚೆ ನೋಡಿ, ಸದ್ದಿಲ್ಲದೆ ನನ್ನನ್ನು ಎತ್ತಿಕೊಂಡಳು. ಮೆಹಜಬೀನ್ ಕಿಟಕಿಯಿಂದ ನೋಡಿ, "ಬಾ ಬಾ, ಭೂಮಿ ಏನೂ ಅನ್ನೂದಿಲ್ಲ. ಇದ್ದದ್ದನ್ನ ಬಳಸಿದ್ರ ಅದಕ್ಕೂ ಖುಷಿನs" ಎಂದು ನಕ್ಕಳು. ನೀಲಾಂಬಿಕಾಗೂ ನಗು ಬಂತು. ಅಂದಿನಿಂದ ನನ್ನನ್ನು ಒಗೆಯುವ ಮಾತು ಬರಲಿಲ್ಲ. ಬದಲಿಗೆ ನನಗೆ ಕೆಲಸ ಹೆಚ್ಚಾಯಿತು.

ಮೆಸ್ಸಿನ ಹಿಂದೆ ಕುಡಿಯುವ ನೀರನ್ನು ಶುದ್ಧ ಮಾಡುವ ಒಂದು ಫಿಲ್ಟರ್ ಇತ್ತು. ಅದು ಒಂದು ಲೋಟ ಒಳ್ಳೆಯ ನೀರು ಕೊಡುವಾಗ ಎರಡು ಮೂರು ಲೋಟ ಉಪ್ಪು ನೀರನ್ನು ಪೈಪಿನಿಂದ ಮೋರಿಗೆ ಬಿಡುತ್ತಿತ್ತು. ನೀಲಾಂಬಿಕಾ ಆ ಪೈಪಿನ ಕೆಳಗೆ ನನ್ನನ್ನು ಇಟ್ಟಳು. ತುಂಬಿದ ನೀರಿನಿಂದ ನೆಲ ಒರೆಸಿದಳು, ಸಂಡಾಸಿಗೆ ಸುರಿದಳು, ಉಳಿದದ್ದನ್ನು ಹಿತ್ತಲಿನ ಹಳೆಯ ಡ್ರಮ್ಮೊಂದನ್ನು ತೊಳೆದು ಅದರಲ್ಲಿ ತುಂಬಿಟ್ಟಳು. ದಿನಾ ಬೆಳಿಗ್ಗೆ ನನ್ನನ್ನು ಹಿಡಿದು ವಾರ್ಡನ್ ಪದ್ಮಾವತಿ ಮೇಡಂ ಅವರ ಆಫೀಸಿನ ಮುಂದಿನಿಂದಲೇ ಹೋಗಬೇಕಾಗುತ್ತಿತ್ತು. ಮೇಡಂ ಒಮ್ಮೆ "ಶಾಬಾಸ್" ಎಂದರು. ಅಷ್ಟೇ ಸಾಕಾಯಿತು.

ಮೇಲಿನವರನ್ನು ಹೊಗಳಿ ಕೆಲಸ ಸಾಧಿಸಿಕೊಳ್ಳುವುದಕ್ಕೆ ನಮ್ಮ ಹುಡುಗ ಹುಡುಗಿಯರು ಬಕೆಟ್ ಹಿಡಿಯುವುದು ಎನ್ನುತ್ತಾರೆ. ಈ ಮಾತು ಯಾಕೆ ಹುಟ್ಟಿತೋ ನನಗೆ ಗೊತ್ತಿಲ್ಲ. ನಮ್ಮ ಕುಲದಲ್ಲಿ ಯಾರೂ ಯಾರನ್ನೂ ಹೊಗಳಿದ್ದು ಕೇಳಿಲ್ಲ. ಆದರೆ ಇಲ್ಲಿ ಒಬ್ಬ ಹುಡುಗಿ ನಿಜವಾಗಿಯೇ ಬಕೆಟ್ ಹಿಡಿದು ವಾರ್ಡನ್ ಮುಂದೆ ಹೋಗುತ್ತಿದ್ದಳು. ಹಾಸ್ಟೆಲಿಗೆ ಹಬ್ಬವೇ ಆಯಿತು.

"ಏ, ಮೇಡಂಗ ಬಕೀಟು ಹಿಡ್ಯಾಕ ಹೊಂಟಾಳ್ರೇ!" ಎಂದು ಮಹಡಿಯ ಮೇಲಿಂದ ಕೂಗುತ್ತಿದ್ದರು. ನೀಲಾಂಬಿಕಾಳ ಕಿವಿ ಕೆಂಪಾಗುತ್ತಿತ್ತು, ಹಿಡಿ ಬಿಗಿಯಾಗುತ್ತಿತ್ತು. ನನ್ನನ್ನು ಬಿಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಗುವವರ ಮೇಲಿನ ಸಿಟ್ಟಿಗೆ ಆಕೆ ಇನ್ನೂ ಬಿರುಸಾದಳು. ಮೆಸ್ಸಿನಲ್ಲಿ ಇನ್ನೊಬ್ಬರ ತಟ್ಟೆ ಇಣುಕಿ "ಅನ್ನ ಯಾಕ ಬಿಟ್ಟಿ?" ಎಂದು ಕೇಳತೊಡಗಿದಳು. ಸ್ನಾನಕ್ಕೆ ಹೋದವರ ಬಾಗಿಲು ಬಡಿದು "ಎಷ್ಟು ಹೊತ್ತು?" ಎನ್ನತೊಡಗಿದಳು. ಖಾಲಿ ಕೋಣೆಗಳಿಗೆ ನುಗ್ಗಿ ಫ್ಯಾನು, ದೀಪ ಆರಿಸಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಮಹಡಿಯ ಸಾಲಿನಲ್ಲಿ ಎಲ್ಲ ಫ್ಯಾನುಗಳೂ ಸುಮ್ಮನೆ ತಿರುಗುತ್ತಿದ್ದವು. ಒಂದೊಂದಾಗಿ ಆರಿಸುವ ತಾಳ್ಮೆ ಇಲ್ಲದೆ ಮೇನ್ ಸ್ವಿಚ್ ಕೆಳಗೆಳೆದಳು.

ಸಾಲಿನ ಕೊನೆಯ ಕೋಣೆಯಲ್ಲಿ, ಗದ್ದಲ ಬೇಡವೆಂದು ಹೋಗಿ ಕುಳಿತು, ಮೆಹಜಬೀನ್ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಬೇಸಿಗೆ ತರಬೇತಿಗೆ ಆಯ್ಕೆ ಪರೀಕ್ಷೆ ಅದು. ತಿಂಗಳುಗಟ್ಟಲೆ ಓದಿದ್ದಳು. ಅಣ್ಣನಿಂದ ಬಂದ ಹಳೆಯ ಲ್ಯಾಪ್‌ಟಾಪು, ಬ್ಯಾಟರಿ ಸತ್ತಿದ್ದು, ತಂತಿ ಚುಚ್ಚಿದರಷ್ಟೇ ನಡೆಯುವಂಥದು. ಪರದೆ ಕಪ್ಪಾಯಿತು. ಮತ್ತೆ ಹಚ್ಚುವಷ್ಟರಲ್ಲಿ ಪರೀಕ್ಷೆ ಮುಚ್ಚಿಹೋಗಿತ್ತು.

ಮೆಹಜಬೀನ್ ಕೂಗಾಡಲಿಲ್ಲ. ಕೋಣೆಗೆ ಬಂದು, "ಭೂಮಿ ಉಳೀತನ?" ಎಂದು ಕೇಳಿದಳು, ಅಷ್ಟೇ. ಆಮೇಲೆ ಮಾತು ಬಿಟ್ಟಳು. ಸಾಬೂನು ಎರಡಾಯಿತು, ಉಪ್ಪಿನಕಾಯಿ ಬಾಟಲಿ ಎರಡಾಯಿತು. ಕನ್ನಡಿ ಮಾತ್ರ ಒಂದೇ ಇತ್ತು. ಒಬ್ಬಳು ಅದರ ಮುಂದಿದ್ದರೆ ಇನ್ನೊಬ್ಬಳು ಗೋಡೆ ನೋಡಿಕೊಂಡು ಜಡೆ ಹಾಕುತ್ತಿದ್ದಳು.

ಮುಂದಿನದನ್ನು ನನ್ನಷ್ಟು ಹತ್ತಿರದಿಂದ ಕಂಡವರು ಯಾರೂ ಇಲ್ಲ. ನೀಲಾಂಬಿಕಾ ನನ್ನನ್ನು ಬಟ್ಟೆ ಒಗೆಯುವ ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿ, ನನ್ನ ಮೇಲೆ ಕುಳಿತು, ಆ ಸಂಸ್ಥೆಗೆ ಫೋನ್ ಮಾಡುತ್ತಿದ್ದಳು. ಮಾಡಿದಳು, ಮತ್ತೆ ಮಾಡಿದಳು. ಒಬ್ಬರು ಇನ್ನೊಬ್ಬರಿಗೆ ಕೊಡುತ್ತಿದ್ದರು, ಅವರು ನಾಳೆ ಎನ್ನುತ್ತಿದ್ದರು.

"ಸರ್, ತಪ್ಪು ಆಕೀದಲ್ಲ ಸರ್. ಕರೆಂಟ್ ಹೋಗಿಲ್ಲ, ನಾನs ತಗದೇನಿ. ಹೌದ್ರಿ, ನಾನs. ಯಾಕಂದ್ರ... ಕರೆಂಟ್ ಉಳಸಾಕ ಸರ್." ಆಚೆಯವರು ನಕ್ಕಿರಬೇಕು. ಆಕೆ ಅತ್ತಳು. ಕಣ್ಣೀರು ನನ್ನ ತಳದ ಮೇಲೆ ಬಿತ್ತು. ನನ್ನ ಮೇಲೆ ಬಹಳ ನೀರು ಬಿದ್ದಿದೆ, ಆದರೆ ಬೋರಲು ಬಿದ್ದು ತಳದ ಮೇಲೆ ನೀರು ಹಿಡಿದದ್ದು ಅದೊಂದೇ ಸಲ.

ಕಡೆಗೆ ಅವರು ಮೆಹಜಬೀನಳಿಗೆ ವಿಡಿಯೋದಲ್ಲಿ ಸಂದರ್ಶನ ಮಾಡುವುದಾಗಿ ತಿಳಿಸಿದರು. ಮೆಹಜಬೀನ್ ಅದು ತನ್ನ ಅದೃಷ್ಟ ಎಂದುಕೊಂಡಳು. ನೀಲಾಂಬಿಕಾ ಬಾಯಿ ಬಿಡಲಿಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಮೆಹಜಬೀನ್ ತಲೆಗೆ ದಪ್ಪನಾಗಿ ಮೆಹಂದಿ ಮೆತ್ತಿಕೊಂಡಳು. ಪರದೆಯ ಮೇಲೆ ಚಂದ ಕಾಣಬೇಕೆಂದು. ಅದು ಒಣಗಿ ಬಿಗಿಯುವ ಹೊತ್ತಿಗೆ ಹಾಸ್ಟೆಲಿನ ಮೋಟರ್ ಸುಟ್ಟು ಹೋಯಿತು. ಒಂದು ನಲ್ಲಿಯಲ್ಲೂ ಹನಿ ನೀರಿಲ್ಲ. ಮೆಹಜಬೀನ್ ಹಸಿರು ಮಣ್ಣಿನ ಗೋಪುರ ಹೊತ್ತುಕೊಂಡು ಸ್ನಾನದ ಮನೆಗಳನ್ನೆಲ್ಲ ಸುತ್ತಿದಳು. ಓಢಣಿ ಹೊದ್ದು ನೋಡಿದಳು. ಮೆಹಂದಿ ಹಣೆಯ ಮೇಲೆ ಉದುರಿ ಹುಬ್ಬಿನಲ್ಲಿ ನಿಂತಿತು.

"ಯಾ ಅಲ್ಲಾ, ಇದರಾಗ ಹ್ಯಾಂಗ ಕೂಡ್ಲಿ ನಾ!" ಎಂದು ಮೆಟ್ಟಿಲ ಮೇಲೆ ಕುಸಿದಳು. ಮಹಡಿಯ ಹುಡುಗಿಯರಿಗೆ ಪಾಪ ಎನ್ನಿಸಿತು, ಆದರೆ ನಗು ತಡೆಯಲಾಗಲಿಲ್ಲ.

ನೀಲಾಂಬಿಕಾ ಹಿತ್ತಲಿನ ಡ್ರಮ್ಮಿನಿಂದ ನನ್ನನ್ನು ತುಂಬಿಕೊಂಡು ಬಂದು ಆಕೆಯ ಮುಂದೆ ಇಟ್ಟಳು. ಮೆಹಜಬೀನ್ ತಲೆ ಎತ್ತಿದಳು. ಬಹಳ ದಿನಗಳ ಮೇಲೆ ಮೊದಲ ಮಾತು ಆಡಿದಳು.

"ಭಾಷಣ ಮಾಡ್ತೀಯನ?"

"ಇಲ್ಲ."

"ಹಂಗಾರ ಹಾಕು."

ನೀಲಾಂಬಿಕಾ ತಂಬಿಗೆಯಿಂದ ನೀರು ಹಾಕಿದಳು, ಮೆಹಜಬೀನ್ ತಲೆ ಬಗ್ಗಿಸಿ ತಿಕ್ಕಿದಳು. ನಾನು ಎರಡು ಸಲ ಖಾಲಿಯಾಗಿ ಎರಡು ಸಲ ತುಂಬಿ ಬಂದೆ. ನಡುವೆ ಮೆಹಜಬೀನ್ ಒಂದು ಕಣ್ಣು ತೆರೆದು ಕೆಳಗೆ ನೋಡಿದಳು. ಆಕೆಯ ತಲೆಯ ಕೆಳಗೆ ಒಂದು ತಗಡಿನ ಬುಟ್ಟಿ ಇತ್ತು. ಸೋರುವ ಕೆಂಪು ನೀರೆಲ್ಲ ಅದರೊಳಗೆ ಬೀಳುತ್ತಿತ್ತು.

"ಇದೇನಲೇ?"

"ಸಂಡಾಸಿಗೆ ಆಗ್ತದ" ಎಂದಳು ನೀಲಾಂಬಿಕಾ ಮೆಲ್ಲಗೆ. "ಭಾಷಣ ಅಲ್ಲ. ಬರೇ ಬುಟ್ಟಿ."

ಮೆಹಜಬೀನಳಿಗೆ ಎಂಥ ನಗು ಬಂತೆಂದರೆ ಬಾಯಿಗೆ ಮೆಹಂದಿ ನೀರು ಹೋಯಿತು. ಥೂ ಥೂ ಎನ್ನುತ್ತ, ಕೆಮ್ಮುತ್ತ, ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ನಕ್ಕರು. ಉಪ್ಪು ನೀರಿಗೆ ಕೂದಲು ಕಸಬರಿಗೆಯಾಗಿ ನಿಂತಿತ್ತು. ಹಾಗೆಯೇ ಹೋಗಿ ಸಂದರ್ಶನಕ್ಕೆ ಕುಳಿತಳು. ಮುಗಿಸಿ ಬಂದವಳು ಬಾಗಿಲಲ್ಲಿ ನಿಂತಳು.

"ನಿಮ್ಮ ಗೆಳತಿ ಫೋನ್ ಮಾಡೂದು ನಿಲ್ಲಸ್ತಾಳಂದ್ರ ನಿಮ್ಮನ್ನ ಆರಿಸ್ತೀವಿ ಅಂದ್ರು. ಅಷ್ಟು ಸಲ ಮಾಡಿದ್ದೀಯಂತಲ್ಲ? ನನಗ್ಯಾಕ ಹೇಳಲಿಲ್ಲ?"

ನೀಲಾಂಬಿಕಾ ಚಷ್ಮಾ ತೆಗೆದು ಒರೆಸತೊಡಗಿದಳು. ಮೆಹಜಬೀನ್ ತನ್ನ ಉಪ್ಪಿನಕಾಯಿ ಬಾಟಲಿ ತಂದು ಆಕೆಯ ಬಾಟಲಿಯ ಪಕ್ಕ ಇಟ್ಟಳು.

ಮೋಟರ್ ರಿಪೇರಿಯಾಗುವವರೆಗೆ ಇಡೀ ಹಾಸ್ಟೆಲಿನ ಸಂಡಾಸುಗಳು ಆ ಡ್ರಮ್ಮಿನ ನೀರಿನ ಮೇಲೆಯೇ ನಡೆದವು. ಆಮೇಲೆ ನೀಲಾಂಬಿಕಾ ಯಾರಿಗೂ ಏನೂ ಹೇಳಲಿಲ್ಲ. ತನ್ನ ಕೆಲಸ ತಾನು ಮಾಡಿಕೊಂಡಿದ್ದಳು. ವಿಚಿತ್ರವೆಂದರೆ, ಹೇಳುವುದು ನಿಂತ ಮೇಲೆ ಜನ ಮಾಡತೊಡಗಿದರು. ಒಂದು ಬೆಳಿಗ್ಗೆ ಫಿಲ್ಟರಿನ ಪೈಪಿನ ಬಳಿ ನನ್ನ ಹಿಂದೆ ಒಂದು ಹಳದಿ ಬಕೆಟ್ ಬಂದು ನಿಂತಿತು. ನಂತರ ಒಂದು ಗುಲಾಬಿ. ನಂತರ ಸಾಲು ಬೆಳೆಯಿತು, ಸಾಲಿಗೆ ಜಗಳವೂ ಬಂತು. ಮಹಡಿಯಿಂದ ಕೂಗುತ್ತಿದ್ದವರೇ "ನಂದು ಮೊದಲ ಇಟ್ಟಿದ್ದೆ" ಎಂದು ಕೆಳಗೆ ನಿಂತು ಕೂಗುತ್ತಿದ್ದರು. ನನಗೆ ಆ ಜಗಳ ಕೇಳುವುದೇ ಒಂದು ಸುಖವಾಗಿತ್ತು.

ನೀಲಾಂಬಿಕಾ ಓದು ಮುಗಿಸಿ ಹೋದಳು. ನಾನು ಇನ್ನೂ ಒಬ್ಬಿಬ್ಬರ ಕೈ ದಾಟಿದೆ. ಒಂದು ರಂಗಪಂಚಮಿಯಲ್ಲಿ ನನ್ನ ತುಂಬ ಬಣ್ಣ ಕಲೆಸಿ, ಮೆಟ್ಟಿಲಿನಿಂದ ಉರುಳಿಸಿದರು. ತಳ ಸೀಳಿತು. ಅಂಟು ಹಚ್ಚಿದರು, ಬಿಸಿ ಮಾಡಿ ಒತ್ತಿದರು, ನಿಲ್ಲಲಿಲ್ಲ. ಬಕೆಟ್ಟಾಗಿ ನನ್ನ ಆಯುಷ್ಯ ಅಲ್ಲಿಗೆ ಮುಗಿಯಿತು.

ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಶಾಂತವ್ವ ನನ್ನನ್ನು ಹಿತ್ತಲಿಗೆ ಒಯ್ದು, ಮಣ್ಣು, ಕಾಯಿಪಲ್ಲೆಯ ಸಿಪ್ಪೆ ತುಂಬಿ, ಒಂದು ಕರಿಬೇವಿನ ಸಸಿ ನೆಟ್ಟಳು. ಬಕೆಟ್ಟಿಗೆ ತಳ ಸೀಳುವುದು ದೊಡ್ಡ ಕುಂದು. ಕುಂಡಕ್ಕೆ ಅದೇ ಬೇಕಂತೆ, ಇಲ್ಲವಾದರೆ ಬೇರು ಕೊಳೆಯುತ್ತದಂತೆ. ಈ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಇಷ್ಟು ಸುಲಭವಾಗಿ ಆಯ್ಕೆಯಾಗುತ್ತೇನೆಂದು ನಾನು ಎಣಿಸಿರಲಿಲ್ಲ.

ಈಗ ಕರಿಬೇವು ನನ್ನೆತ್ತರದ ಮೂರು ಪಟ್ಟು ಬೆಳೆದಿದೆ. ಬೇರುಗಳು ನನ್ನೊಳಗೆ ಆಚೀಚೆ ತಿರುಗಿ ಜಾಗ ಮಾಡಿಕೊಳ್ಳುವಾಗ ಪಕ್ಕೆಗೆ ಕಚಗುಳಿಯಾಗುತ್ತದೆ. ನನ್ನ ಜಾತಿಯ ಮೇಲಿರುವ ದೊಡ್ಡ ದೂರು ಎಂದರೆ ನಾವು ಕೊಳೆಯುವುದಿಲ್ಲ, ಕರಗುವುದಿಲ್ಲ, ನೂರಾರು ವರ್ಷ ಹಾಗೆಯೇ ಬಿದ್ದಿರುತ್ತೇವೆ ಎಂಬುದು. ದೂರು ನಿಜವೇ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಾಯಲು ಬಾರದವನನ್ನು ಬೇಗ ಎಸೆದು ಏನು ಪ್ರಯೋಜನ? ಅವನಿಗೆ ಕೆಲಸ ಕೊಡಬೇಕು.

ಮೆಸ್ಸಿನಿಂದ ಸಾಸಿವೆ ಸಿಡಿಯುವ ಸದ್ದು ಕೇಳುತ್ತಿದೆ. ಶಾಂತವ್ವ ಸೆರಗು ಸಿಕ್ಕಿಸಿಕೊಂಡು ಇತ್ತ ಓಡಿ ಬರುತ್ತಿದ್ದಾಳೆ. ಎರಡು ಎಸಳು ಹರಿದುಕೊಂಡು ಓಡುತ್ತಾಳೆ. ಇಂದು ಉಪ್ಪಿಟ್ಟು ಇರಬೇಕು.