ಹೆಸರು ಹಾಕಿಸಿದ ತಟ್ಟೆ

"ನಿನ್ನ ಎಂಜಲು ತಟ್ಟೇನ ಡಿಶ್‌ವಾಷರ್‌ಗೆ ತುರುಕಿದ್ದೀಯಲ್ಲೇ, ನಿನ್ ಮುಖ ಮುಚ್ಚ! ಈಗ ಫುಲ್ ಲೋಡ್ ಮೈಲಿಗೆ!"

ಅಹಲ್ಯಾ ಕಿರುಚಿದ ರಭಸಕ್ಕೆ ಪುಟ್ಟಮಾದಮ್ಮನ ಕೈಯಿಂದ ಮಾಪ್ ಕೆಳಗೆ ಬಿತ್ತು. ಗ್ಲೆನ್ ವೇವರ್ಲಿ ಎಂಬ ಪರದೇಶದ ಬಡಾವಣೆಯ ಆ ಮನೆಯಲ್ಲಿ ಅವಳ ತಟ್ಟೆಗೆ ಜಾಗ ಬೇರೆ. ಬಟ್ಟೆ ಒಗೆಯುವ ಕೋಣೆಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ. ಹಾಸಿಗೆಯೂ ಅಲ್ಲೇ. ಮನೆಯವರ ತಟ್ಟೆಗಳ ಜೊತೆ ಬೆರೆಯಬಾರದೆಂದು ಬೆಂಗಳೂರು ಬಿಡುವ ಮುಂಚೆಯೇ ಪಾತ್ರೆ ಅಂಗಡಿಯಲ್ಲಿ ಅದರ ಅಂಚಿಗೆ ‘ಪುಟ್ಟಮಾದಮ್ಮ’ ಎಂದು ಹೆಸರು ಹಾಕಿಸಿದ್ದರು. ಓದಲು ಬಾರದಿದ್ದರೂ ಆ ಐದಕ್ಷರ ಅವಳಿಗೆ ತನ್ನ ಕಾಲ್ಬೆರಳಿನಷ್ಟು ಪರಿಚಯ.

"ನಾನಲ್ಲ ಕಣಮ್ಮಾವ್ರೆ, ಆದ್ಯಮ್ಮ ಗೊತ್ತಿಲ್ದೆ ಎತ್ತಾಕ್ಬುಡ್ತು."

"ಮಗು ಮೇಲೆ ಹಾಕ್ಬೇಡ, ದರಿದ್ರದವಳೇ!"

ಅಹಲ್ಯಾ ಒಂದು ಚೊಂಬು ಅರಿಶಿನದ ನೀರನ್ನು ಡಿಶ್‌ವಾಷರ್‌ಗೆ ಸುರಿದು ಗುಂಡಿ ಒತ್ತಿದಳು. ಮೆಷಿನ್ನು ಮದುವೆ ಹೆಣ್ಣಿನ ಹಾಗೆ ಮೈತುಂಬ ಹಳದಿಯಾಗಿ, ಎರಡು ಸಲ ತೇಗಿ, ಸತ್ತುಹೋಯಿತು.

"ವಾರಂಟಿ ಇದೆ, ಆದ್ರೆ ಏನಂತ ಹೇಳೋದೇ?" ಎಂದು ಅಹಲ್ಯಾಳ ಗಂಡ ಸತ್ಯನಾರಾಯಣ ತಲೆ ಕೆರೆದುಕೊಂಡ.

ಅದೇ ವಾರ ಎರಡನೇ ಕ್ಲಾಸಿನ ಆದ್ಯಾ ಶಾಲೆಯಲ್ಲಿ ತಮ್ಮ ಮನೆಯವರ ಚಿತ್ರ ಬರೆದಳು: ಅಪ್ಪ, ಅಮ್ಮ, ವಾಷಿಂಗ್ ಮೆಷಿನ್, ಅದರ ಬುಡದಲ್ಲಿ ಮಲಗಿದ ಮಾದಮ್ಮ. ಟೀಚರಮ್ಮ ಫೋನ್ ಮಾಡಿದರು. ಪೊಲೀಸರು ಬಂದರು. ಪುಟ್ಟಮಾದಮ್ಮನ ಪಾಸ್‌ಪೋರ್ಟ್ ದೇವರ ಕಪಾಟಿನಲ್ಲಿ, ತಿಮ್ಮಪ್ಪನ ಫೋಟೋ ಹಿಂದೆ ಸಿಕ್ಕಿತು. ತಟ್ಟೆಯನ್ನು ಸಾಕ್ಷಿಗೆಂದು ಒಯ್ದರು. ಹಳದಿ ಡಿಶ್‌ವಾಷರ್ ನೋಡಿ ‘ಮಸಾಲೆ ಚೆಲ್ಲಿದೆ’ ಎಂದು ಬರೆದುಕೊಂಡರು.

ಅವಳನ್ನು ಕ್ರಾನ್‌ಬರ್ನ್‌ನ ಹೆಂಗಸರ ಆಶ್ರಯಕ್ಕೆ ಸೇರಿಸಿದರು. ಇದು ಮನುಷ್ಯರ ಸಾಗಾಟದ ಕೇಸು ಎಂದರು.

"ಸಾಗಾಟವಾ? ನನ್ನೇನ್ ಲಾರೀಲಿ ತುಂಬ್ಕಂಡ್ ಬಂದ್ರಾ? ಇಮಾನ್ದಲ್ಲಿ, ಕಿಟಕಿ ಸೀಟಲ್ಲಿ ಕೂರುಸ್ಕಂಡ್ ಬಂದ್ರು," ಎಂದಳು. ಆದರೆ ಕೇಸು ನಡೆದರೆ ಇಲ್ಲಿರಲು ವೀಸಾ, ಬಿದ್ದರೆ ವಾಪಸ್ ವಿಮಾನ ಎಂದು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಅವಳು ಉಂಡ ಮನೆಗೆ ಎರಡು ಬಗೆದಳೆಂಬ ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಆ ಹೆಸರು ಹೊತ್ತು ಅವಳು ಹೇಗೆ ಊರಿಗೆ ಕಾಲಿಡುವುದು?

ಎಂಟು ತಿಂಗಳಾದ ಮೇಲೆ ಸರ್ಕಾರಿ ವಕೀಲ ಕರೆಸಿದ. ಕೆಟ್ಟ ಮನುಷ್ಯನಲ್ಲ, ತಾನೇ ಎದ್ದು ಕುರ್ಚಿ ಎಳೆದುಕೊಟ್ಟ. ಅವನ ಇಂಗ್ಲಿಷನ್ನು ಕನ್ನಡಕ್ಕೆ, ಇವಳ ಕನ್ನಡವನ್ನು ಇಂಗ್ಲಿಷಿಗೆ ಮಾಡಲು, ಪೊಲೀಸರು ಬಂದ ದಿನದಿಂದಲೂ ಜೊತೆಗಿದ್ದ ಮಂಗಳೂರಿನ ಯುಜಿನಿಯಾ ಪಕ್ಕದಲ್ಲಿದ್ದಳು.

"ಬಾಗಿಲಿಗೆ ಬೀಗ ಇರ್ಲಿಲ್ಲ. ನೀವು ಯಾಕೆ ಹೋಗ್ಲಿಲ್ಲ ಅಂತ ಕೇಳ್ತಾರೆ, ಆಂಟಿ."

"ಎಲ್ಗವ್ವ ಓಗದು? ಟೇಸನ್‌ಗಂಟ ಓಗಿ ನೋಡಿವ್ನಿ. ರೈಲೂ ಅಲ್ಗೇ ಬಂದು ಸುಸ್ತಾಗಿ ನಿಂತ್ಕತದೆ."

"ಕನ್ನಡ ಸಂಘದ ಫೋಟೋದಲ್ಲಿ ರೇಷ್ಮೆ ಸೀರೆ ಉಟ್ಟು ನಗ್ತಾ ಇದ್ದೀರಂತೆ."

"ನಗು ಅಂದ್ರು, ನಕ್ಕಿ. ಸೀರೆ ಮನೆಗೋದ್ಮೇಲೆ ಬಿಚ್ಚುಸ್ಕಂಡ್ರು."

ವಕೀಲ ಒಂದು ಕಾಗದ ಮುಂದಿಟ್ಟ. ಸತ್ಯನಾರಾಯಣನ ಕಡೆಯ ಲಾಯರ್ ಬರೆದದ್ದು. ಅದರೊಳಗೆ ತಟ್ಟೆಯ ಬಣ್ಣದ ಫೋಟೋ ಇತ್ತು. ಯುಜಿನಿಯಾ ಅದನ್ನು ಕನ್ನಡದಲ್ಲಿ ಹೇಳಿದಳು.

"ಅವರು ನಿಮ್ಗೆ ನಿಮ್ಮದೇ ಹೆಸರು ಕೆತ್ತಿಸಿದ ತಟ್ಟೆ ಗಿಫ್ಟ್ ಕೊಟ್ಟಿದ್ದಾರೆ. ಮನೆಯಲ್ಲಿ ಬೇರೆ ಯಾರಿಗೂ ಅಂಥದ್ದು ಇಲ್ಲ. ಅಷ್ಟು ಪ್ರೀತಿಯಿಂದ ನೋಡ್ಕೊಂಡಿದ್ದಾರೆ ಅಂತ ಬರ್ದಿದೆ."

ಪುಟ್ಟಮಾದಮ್ಮ ಅವಳ ಮುಖವನ್ನೇ ನೋಡಿದಳು. "ತಟ್ಟೆ ಬ್ಯಾರೆ ಅಂತ ನಾನು ಮೊದುಲ್ನೇ ದಿನುವೇ ಯೋಳಿದ್ನಲ್ಲ. ನೀ ಯೋಳ್ನಿಲ್ವಾ?"

"ಹೇಳಿದ್ದೇನೆ ಆಂಟಿ. ಬೇರೆ ತಟ್ಟೆ ಅಂದ್ರಿ, ಬೇರೆ ತಟ್ಟೆ ಅಂದೆ. ನನ್ನ ಕಡೆಯಿಂದ ಒಂದು ಶಬ್ದ ಸೇರಿಸ್ಲಿಕ್ಕೆ ಇಲ್ಲ."

"ತಟ್ಟೆ ಬ್ಯಾರೆ ಅಂದ್ಮೇಲೆ ಇನ್ನೇನವ್ವ ಬಾಕಿ ಯೋಳಕ್ಕೆ?"

ಆದರೂ ಹೇಳಿದಳು. ಮೆಷಿನ್ ಪಕ್ಕದ ಜಾಗ, ಮೇಲಿಂದ ಸುರಿಯುವ ಅನ್ನ, ಅರಿಶಿನದ ನೀರು, ಎಲ್ಲ. ವಕೀಲ ಬರೆದುಕೊಂಡ. ಆಮೇಲೆ ಪೆನ್ನು ಮುಚ್ಚಿದ.

"ಇವರು ನಿಮ್ಮನ್ನು ನಂಬ್ತಾರಂತೆ," ಯುಜಿನಿಯಾಳ ದನಿ ಸಣ್ಣದಾಯಿತು. "ಆದ್ರೆ ಕೋರ್ಟಲ್ಲಿ ಹನ್ನೆರಡು ಜನ ಕೂತ್ಕೊಳ್ತಾರೆ. ಚೂರೂ ಅನುಮಾನ ಇಲ್ದೆ ಅವರು ನಂಬ್ಬೇಕು. ಅವರಿಗೆ ತಟ್ಟೆ ಅಂದ್ರೆ ತಟ್ಟೆ ಅಷ್ಟೇ. ಇದನ್ನೆಲ್ಲ ಮೊದ್ಲೇ ಯಾಕೆ ಹೇಳ್ಲಿಲ್ಲ, ಈಗ ಯಾರೋ ಹೇಳಿಕೊಟ್ಟಿದ್ದಾರೆ ಅಂತ ಆ ಲಾಯರ್ ಹರಿದುಹಾಕ್ತಾನೆ. ಗೆಲ್ಲುವ ಹಾಗೆ ಕಾಣುದಿಲ್ಲ. ಕೇಸು ಮುಂದೆ ತಕೊಂಡು ಹೋಗುದಿಲ್ಲ ಅಂತಾರೆ."

"ಅಲ್ಲ ಕನವ್ವ, ಹೇಲು ನಾರ್ತದೆ ಅಂತಾನೂ ಇವ್ನ್ಗೆ ಬುಡುಸಿ ಯೋಳ್ಬೇಕಾ?"

ಯುಜಿನಿಯಾ ಅದನ್ನೂ ಒಂದಕ್ಷರ ಬಿಡದೆ ಹೇಳಿದಳು. ವಕೀಲನ ಕಿವಿ ಕೆಂಪಾಯಿತು. ಆದರೆ ಅವನು ಪೆನ್ನು ತೆರೆಯಲಿಲ್ಲ.

ತಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಂಬರಿನ ಚೀಟಿ ಸಮೇತ ವಾಪಸ್ ಕೊಟ್ಟರು. ವಿಮಾನಕ್ಕೆ ಮೂರು ವಾರವಿತ್ತು.

ಕಾರಿನಲ್ಲಿ ಕೂತ ಮೇಲೆ ಪುಟ್ಟಮಾದಮ್ಮ ಕೇಳಿದಳು: "ನಿನ್ ಕೆಲ್ಸ ಮುಗೀತಾ? ಈಗ ನಿನ್ ಕಡಿಂದೂ ಒಂದ್ ಮಾತಾಡ್ಬೋದಾ?"

"ಈಗ ಆಡ್ಬಹುದು."

"ಇಲ್ಲಿ ಪಾತ್ರೆಗೆ ಎಸ್ರು ಆಕೋರು ಎಲ್ಲವ್ರೆ?"

ಬೀಗದಕೈ ಮಾಡುವವನೊಬ್ಬ ಸಿಕ್ಕಿದ. ಯುಜಿನಿಯಾ ಚೀಟಿಯಲ್ಲಿ ಮೂರಕ್ಷರ ಬರೆದುಕೊಟ್ಟಳು. ಅವನು ಕನ್ನಡವನ್ನು ಹೂವಿನ ಬಳ್ಳಿ ಎಂದುಕೊಂಡು ಬಹಳ ಮುದ್ದಾಗಿ ಕೆತ್ತಿದ.

ಯುಗಾದಿ ಊಟಕ್ಕೆ ಸಂಘದವರು ಶಾಲೆಯೊಂದರ ಹಾಲ್ ಹಿಡಿದಿದ್ದರು. ಹೋಳಿಗೆ ಸತ್ಯನಾರಾಯಣ ದಂಪತಿಗಳ ಸೇವೆ. ಸಿಡ್ನಿಯ ದಿ ಪಾಂಡ್ಸ್‌ನಿಂದ ಬಂದಿದ್ದ ಅಹಲ್ಯಾಳ ಅಕ್ಕ ನೇತ್ರಾ ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತಿದ್ದಳು. ಬಣ್ಣದ ಕಾಗದ ಸುತ್ತಿದ ಪೊಟ್ಟಣ ಹಿಡಿದು ಪುಟ್ಟಮಾದಮ್ಮ ಒಳಗೆ ಬಂದದ್ದು ನೋಡಿ ಅಹಲ್ಯಾ ಒಂದು ಗಳಿಗೆ ಬಿಳಿಚಿಕೊಂಡಳು. ಮುನ್ನೂರು ಜನ ನೋಡುತ್ತಿದ್ದರು. ಮೈಕು ಕೈಯಲ್ಲೇ ಇತ್ತು.

"ಪಾಪ, ಯಾರೋ ಇವಳ ತಲೆ ಕೆಡಿಸಿದ್ರು. ನಾವೇನೂ ಮನಸ್ಸಲ್ಲಿಟ್ಕೊಂಡಿಲ್ಲ. ಮಾದಮ್ಮ ಇವತ್ತಿಗೂ ನಮ್ಮನೆಯವಳೇ!"

ಚಪ್ಪಾಳೆ ಬಿತ್ತು.

"ಉಗಾದಿ ಉಡುಗರೆ ಕಣಮ್ಮಾವ್ರೆ. ಬಿಚ್ಚಿ."

ನೇತ್ರಾ ಫೋನು ಹತ್ತಿರ ತಂದಳು. ಅಹಲ್ಯಾ ನಗುನಗುತ್ತ ಕಾಗದ ಹರಿದಳು. ಹೊಸ ಸ್ಟೀಲ್ ತಟ್ಟೆ. ಅಂಚಿನಲ್ಲಿ ಬಳ್ಳಿ ಬಳ್ಳಿಯಾಗಿ ‘ಅಹಲ್ಯಾ’.

"ಬ್ಯಾರೆ ತಟ್ಟೆ. ನಿಮ್ಗೇ ಅಂತ ಎಸ್ರು ಆಕ್ಸಿವ್ನಿ," ಎಂದಳು ಪುಟ್ಟಮಾದಮ್ಮ. ಮೈಕು ಅದನ್ನೂ ಹೇಳಿತು. "ವಾಸಿಂಗ್ ಮಿಸಿನ್ ಪಕ್ಕ ಮಡಿಕ್ಕಳಿ. ನಮ್ ತಟ್ಟೆ ಜೊತ್ಗೆ ಸೇರುಸ್ಬ್ಯಾಡಿ."

ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಹಾಲ್‌ನಲ್ಲಿ ಒಬ್ಬರಾದರೂ ಹಾಗೆಂದರೆ ಏನೆಂದು ಪಕ್ಕದವರನ್ನು ಕೇಳಲಿಲ್ಲ. ನೇತ್ರಾ ಫೋನನ್ನು ಸೆರಗಿನೊಳಗೆ ಇಳಿಸಿದಳು.

ಪುಟ್ಟಮಾದಮ್ಮ ಊಟದ ಸಾಲಿನತ್ತ ನಡೆದಳು. ಪ್ಲಾಸ್ಟಿಕ್ ಚೀಲದಿಂದ ತನ್ನ ತಟ್ಟೆ ತೆಗೆದು, ನಂಬರಿನ ಚೀಟಿ ಕೀಳದೆ, ಎಲ್ಲರಿಗಿಂತ ಮುಂದೆ ಹೋಗಿ ಒಡ್ಡಿದಳು. ಬಡಿಸಲು ನಿಂತಿದ್ದ ಸಂಘದ ವೀರೇಂದ್ರ ಹೋಳಿಗೆ ಹಿಡಿದು ಒಮ್ಮೆ ತಟ್ಟೆ ನೋಡಿದ, ಒಮ್ಮೆ ಅಹಲ್ಯಾಳ ಕಡೆ ನೋಡಿದ. ಕೈ ಗಾಳಿಯಲ್ಲೇ ಉಳಿಯಿತು. ಹೋಳಿಗೆಯಿಂದ ತುಪ್ಪ ತೊಟ್ಟಿಕ್ಕುತ್ತಿತ್ತು.

"ಆಕು," ಎಂದಳು ಅವಳು.