ಮರಿಯಾಚಾರಿಯ ಬೊಗಸೆ ನೀರು

ಮರಿಯಾಚಾರಿ ಬೆಂಕಿಗೆ ಬೆನ್ನು ತೋರಿಸಿದ್ದನ್ನು ಕಂಡವರಿಲ್ಲ; ಗುಡಿಯಿಂದ ಹೊರಬರುವ ಭಕ್ತನಂತೆ ಮೂರು ಹೆಜ್ಜೆ ಹಿಂದಕ್ಕೆ ಸರಿದು, ಆಮೇಲೆ ಮಗ್ಗುಲಾಗಿ ಹೊರಳಿ, ಎಡಗಾಲನ್ನು ತುಸು ಎಳೆಯುತ್ತ ಹೊರಡುತ್ತಿದ್ದರು. ಮೈಮೇಲೆ ಬಿರುಬೇಸಿಗೆಯಲ್ಲೂ ಅದೇ ಕರಿಯ ಕೋಟು. ಕಿಡಿ ಹಾರಿ ಹಾರಿ ಅದು ಜರಡಿಯಾಗಿತ್ತು.

ಶೀಳನೆರೆ ಊರಿನ ಅವರ ಕುಲುಮೆಯಲ್ಲಿ ಸಂಜೆ ಕೆಲಸ ಮುಗಿದೊಡನೆ ಕೆಂಡದ ಮೇಲೆ ಒಂದು ಬೊಗಸೆ ನೀರು ಚಿಮುಕಿಸಿ ಕೈಮುಗಿಯುವುದು ತಲೆಮಾರುಗಳ ಪದ್ಧತಿ. ದಿನವಿಡೀ ದುಡಿದ ಅಗ್ನಿಯನ್ನು ಬಾಯಾರಿದಂತೆಯೇ ಮಲಗಿಸಬಾರದೆಂಬ ನಂಬಿಕೆ. ಕಾರ್ಖಾನೆಯ ಕುಡುಗೋಲು, ಕೊಡಲಿಗಳು ಸಂತೆಗೆ ಬಂದು ಕುಲುಮೆ ಆರಿದಾಗ, ಮೂವತ್ತಾರನೆಯ ಇಸವಿಯಲ್ಲಿ, ಶ್ರೀರಂಗಪಟ್ಟಣದಾಚೆಯ ಒಂದು ಕಾರ್ಖಾನೆಗೆ ಸೇರಿದರು. ಅಲ್ಲಿ ಕಬ್ಬಿನ ಗಾಣದ ಹಲ್ಲುಚಕ್ರಗಳಿಗೆ ಹದ ಕೊಡಲು ವಿದ್ಯುತ್ತಿನ ಕುಲುಮೆ. ಇದ್ದಿಲಿಲ್ಲ, ಗಾಳಿಯೂದುವ ತಿದಿಯಿಲ್ಲ; ಸುರುಳಿತಂತಿ ತುಂಬಿದ ತೋಳುದ್ದದ ಪಿಂಗಾಣಿ ಕೊಳವೆಗಳು ಕರೆಂಟು ಹರಿದರೆ ತಾವೇ ಕೆಂಡವಾಗುತ್ತಿದ್ದವು. ಅವುಗಳ ಬಣ್ಣವನ್ನು ಹದಿನೈದೇ ದಿನದಲ್ಲಿ ಓದಲು ಕಲಿತ ಮರಿಯಾಚಾರಿ, ಶಾಖ ತೋರುವ ಮುಳ್ಳಿಗಿಂತ ಮೊದಲೇ "ಅದ ಬಂತು, ತೆಗೀರ್ಲಾ" ಎನ್ನುತ್ತಿದ್ದರು.

ಆದರೆ ಒಂದೇ ತಿಂಗಳಲ್ಲಿ ಮೂರು ಕೊಳವೆ ಸೀಳಿದವು. ಹಡಗಿನಲ್ಲಿ ಬರಬೇಕಾದ ಸಾಮಾನು. ಕರೆಂಟು ನೋಡಿಕೊಳ್ಳುವ ನರಸಯ್ಯನ ಮೇಲೆ ಗುಮಾನಿ ಬಂದು, ಅವನನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು.

"ಕಾದ ಮಡಕೆಗೆ ನೀರು ಬಿದ್ದ ಹಾಗೆ ಸೀಳಿದೆಯಲ್ಲಯ್ಯ!" ಎಂದು ಮೇಲ್ವಿಚಾರಕರು ಚೂರೊಂದನ್ನು ಎತ್ತಿ ಹಿಡಿದಾಗ ಮರಿಯಾಚಾರಿಯ ಮುಖ ಬಿಳಿಚಿಕೊಂಡಿತು.

"ನಾನೇ ಬುದ್ಧಿ. ಎಲ್ರೂ ಮನೆಗೋದ್ಮೇಲೆ ಒಸಿ ನೀರು ಚಿಮುಕ್ಸಿ ಕೈಮುಗೀತಿದ್ದೆ. ಯಾವ ಬೆಂಕಿಯಾದ್ರೂ ಬೆಂಕಿನೇ ಅಲ್ವಾ?"

ಮೇಲ್ವಿಚಾರಕರು ಕೆಟ್ಟವರಲ್ಲ. ಇನ್ನು ಹಾಗೆ ಮಾಡುವುದಿಲ್ಲವೆಂದು ಮಾತು ಕೊಟ್ಟರೆ ಸಾಕು, ಇಬ್ಬರ ಕೆಲಸವೂ ಉಳಿಯುತ್ತದೆ, ಇನ್ನೊಂದು ಸೀಳಿದರೆ ಇಬ್ಬರದೂ ಹೋಗುತ್ತದೆ ಎಂದರು. ಮರಿಯಾಚಾರಿ ತಮ್ಮ ಅಂಗೈಯನ್ನು ಅವರ ಮುಂದೆ ಚಾಚಿದರು.

"ಬಾಯೇನೋ ಊಂ ಅಂದ್ಬುಡ್ತದೆ ಬುದ್ಧಿ, ಈ ಕೈ ಕೇಳಕಿಲ್ಲ. ಇನ್ನೊಂದು ಒಡದ್ರೆ ನರಸಯ್ಯನ ಅನ್ನ ಓಯ್ತದೆ."

ಅಂದೇ ಊರಿಗೆ ಹೊರಟುಬಿಟ್ಟರು. ಅಲ್ಲಿ ತಿದಿಯ ತೊಗಲನ್ನು ಇಲಿ ತಿಂದು ಹಾಕಿತ್ತು. ಉಕ್ಕಿನ ಬಣ್ಣ ಓದಬಲ್ಲ ಆ ಜೀವ, ಹೆಂಡತಿ ಕುಳ್ಳಮ್ಮನ ಜೊತೆ ಗದ್ದೆ ಕೂಲಿಗೆ ಹೋಗುತ್ತ ನಾಲ್ಕು ವರ್ಷಕ್ಕೆ ಮುಗಿದುಹೋಯಿತು.

ಕಾಲಕ್ಕೆ ಹೊಂದಲಾರದವರು ಎಂದು ಇಂಥವರನ್ನು ನಾವು ಸುಲಭವಾಗಿ ಬದಿಗೆ ಸರಿಸುತ್ತೇವೆ. ಹೊಸ ವಿದ್ಯೆಯನ್ನು ಅವರು ನಮಗಿಂತ ಬೇಗ ಕಲಿಯಬಲ್ಲರು. ಆದರೆ ತಮ್ಮನ್ನು ಸಾಕಿದ್ದನ್ನು ತಣಿಸದೆ ಮನೆಗೆ ಹೋಗುವುದನ್ನು ಮಾತ್ರ ಎಷ್ಟು ವಯಸ್ಸಾದರೂ ಕಲಿಯಲಾರರು.