ಸಂಜೆಗೆ ಕೊಡ್ತೀನಿ ಎಂದ ತಂತಿ

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಸೂರಿನಡಿ ಆರಲಿಟ್ಟ ಹಸಿ ಮಡಕೆಗಳು ಕಣ್ಣುಮುಚ್ಚಿ ಪ್ರಾರ್ಥನೆಗೆ ಕುಳಿತವರ ಹಾಗೆ ಕಂಡವು. ಗಿಟಾರು ಹೆಗಲಿಗೇರಿಸಿ ಬಂದ ಹಾಡುಗಾತಿ ಅವುಗಳ ಧ್ಯಾನ ಕೆಡದಂತೆ ಮೆಲ್ಲಗೆ ಒಳನಡೆದಳು. ಅಪ್ಪ ಮಡಕೆ ತಿರುಗಿಸುವ ತಿಗರಿಯ ಮುಂದಿದ್ದ.

ಅವಳು ಚಿಕ್ಕವಳಿದ್ದಾಗ ಒಂದು ದಿನ, ತಿರುಗುವ ತಿಗರಿಯಿಂದ ಮಡಕೆಯ ಬುಡ ಕೊಯ್ಯುವ ದಾರ ಕಡಿದುಹೋಗಿತ್ತು. ಅಪ್ಪ ಅವಳ ಗಿಟಾರಿನ ಅತಿ ಸಣ್ಣ ತಂತಿಯನ್ನೇ ಬಿಚ್ಚಿಕೊಂಡು, "ಸಂಜೆಗೆ ಕೊಡ್ತೀನಿ ಪುಟ್ಟಿ" ಎಂದಿದ್ದ. ಆ ಸಂಜೆ ಬರಲೇ ಇಲ್ಲ. ಅವಳೂ ಹಟಕ್ಕೆ ಬಿದ್ದು ಬೇರೆ ತಂತಿ ಹಾಕಲಿಲ್ಲ. ಇಲ್ಲದ ತಂತಿಯನ್ನು ಸುತ್ತಿಬಳಸಿ ಹೋಗಲು ಬೆರಳುಗಳು ಕಲಿತವು. ಆ ಬಳಸುದಾರಿಯಲ್ಲೇ ದೇವರು ಹಾಡುಗಳನ್ನು ಇಟ್ಟಿದ್ದನೇನೋ, ಒಂದೊಂದಾಗಿ ಸಿಕ್ಕವು. ಅಂಗಡಿ ಮುಂಗಟ್ಟು, ರೈಲು ನಿಲ್ದಾಣ, ಆಮೇಲೆ ದೀಪ ತುಂಬಿದ ಸಭಾಂಗಣ. ಆರರಲ್ಲಿ ಐದೇ ಉಳಿದಿದ್ದರಿಂದ ಜನ 'ಐದು ತಂತಿಯವಳು' ಎಂದೇ ಕರೆದರು. ಊರೂರು ಕೇಳಿತು. ಅಪ್ಪ ಮಾತ್ರ ಕೇಳಲು ಬರಲಿಲ್ಲ.

ಮನೆಗೆ ಬಂದಾಗಲೆಲ್ಲ ಅವಳದು ಒಂದೇ ಮಾತು: "ಎಲ್ಲಪ್ಪ ನನ್ನ ತಂತಿ?"

"ಸಂಜೆಗೆ."

ತಂದೆ ಮಗಳ ಕುಶಲಪ್ರಶ್ನೆಯೇ ಅದಾಗಿತ್ತು.

ಇವತ್ತು ಅವಳು ಅದನ್ನು ಕೇಳಲಿಲ್ಲ. "ಅಪ್ಪ, ಸಂಜೆ ಇಲ್ಲೇ ನಮ್ಮೂರಲ್ಲೇ ಹಾಡ್ತಿದೀನಿ. ಒಂದ್ಸಲನಾದ್ರೂ ಬಾಪ್ಪ" ಎನ್ನುತ್ತ ಗಿಟಾರನ್ನು ಗೋಡೆಗೊರಗಿಸಿದಳು.

"ಮಣ್ಣು ಮೆತ್ಕೊಂಡಿರೋ ಮುದುಕನ್ನ ಒಳಗೆ ಬಿಡ್ತಾರೇನೇ?"

"ಬಿಡದಿದ್ರೆ ನಾನೂ ಹೊರಗೇ ಕೂತು ಹಾಡ್ತೀನಿ."

"ಅಬ್ಬಬ್ಬಾ, ಬಾಯಿ ನೋಡು! ಥೇಟು ನಿಮ್ಮಮ್ಮನದೇ."

ತಿಗರಿ ತೂಗಿ ತೂಗಿ ನಿಂತಿತು. "ತಂತಿ ಯಾಕೆ ಕೇಳ್ಲಿಲ್ಲ ಇವತ್ತು?"

"ನೀನು ಬಂದ್ರೆ ಸಾಕು. ಅದು ಯಾರಿಗೆ ಬೇಕಪ್ಪ?"

ಅಪ್ಪ ತಲೆ ತಗ್ಗಿಸಿದ. "ಕೊಟ್ಬಿಟ್ರೆ ನೀನು ಕೇಳೋಕೆ ಬರೋದೂ ನಿಂತೋಗುತ್ತೆ ಅಂತ ಇಟ್ಕೊಂಡೆ ಕಣೇ. ನಿನ್ನ ತಂತಿ ಮನೇಲಿಟ್ಕೊಂಡು, ಯಾವ ಮುಖ ಹೊತ್ಕೊಂಡು ನಿನ್ನ ಹಾಡು ಕೇಳೋಕೆ ಬರ್ಲಿ?"

ಹೊರಗೆ ಮಂಜಿನೊಳಗಿಂದ ಬಿಸಿಲು ಹಾಲಿನಂತೆ ಸೋರುತ್ತಿತ್ತು.

ಅಪ್ಪ ಆ ತಂತಿಯಿಂದಲೇ ಮಡಕೆಯ ಬುಡ ಕೊಯ್ದು, ಮಡಕೆಯನ್ನು ಹಲಗೆಯ ಮೇಲಿಟ್ಟ. ಕೈ ತೊಳೆದ. ಸಂಜೆಗೆ ಇನ್ನೂ ಹೊತ್ತಿದ್ದರೂ, ಗೂಟದಲ್ಲಿದ್ದ ಒಗೆದ ಅಂಗಿ ತೆಗೆದು ಮೈಗೇರಿಸಿದ. ಆಮೇಲೆ ತಂತಿಗಂಟಿದ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಳೆಯಷ್ಟಗಲ ಸುತ್ತಿ, ಮಗಳ ಅಂಗೈಯಲ್ಲಿಟ್ಟ.